ಉಜ್ಜದೆ ತೆಗೆದುಕೊಂಡ ಸರ

ನಮ್ಮ ಸಹಕಾರಿ ಸೊಸೈಟಿಯ ಕಾಪು ಶಾಖೆಯಲ್ಲಿ ಮೆತ್ತೆ ಇರುವ ಕುರ್ಚಿಗಳು ಎರಡೇ. ಒಂದು ಮ್ಯಾನೇಜರ್ ಆದ ನನ್ನದು, ಇನ್ನೊಂದು ಉಮಾನಾಥ ಆಚಾರ್ಯರದು. ನನ್ನ ಮೆತ್ತೆ ಸೊಸೈಟಿ ಕೊಟ್ಟದ್ದು, ಎರಡು ವರ್ಷಕ್ಕೇ ಹರಿಯಿತು. ಆಚಾರ್ಯರದನ್ನು ಅವರ ಹೆಂಡತಿ ಸ್ವರ್ಣಲತಾ ಹಳೆಯ ಸೀರೆಯಲ್ಲಿ ಹೊಲಿದು ಕೊಟ್ಟದ್ದು, ಇನ್ನೂ ಗಟ್ಟಿಯಾಗಿದೆ. ನನ್ನ ಹೆಸರು ಆನ್ಸಿಲ್ಲಾ, ಮನೆ ಶಿರ್ವದಲ್ಲಿ, ಈ ಶಾಖೆಗೆ ಬಂದು ಒಂಬತ್ತು ವರ್ಷವಾಯಿತು. ಜನ ಸಾಲ ಕೇಳುವುದು ನನ್ನ ಹತ್ತಿರ, ಕಷ್ಟಸುಖ ಹೇಳಿಕೊಳ್ಳುವುದು ಆಚಾರ್ಯರ ಹತ್ತಿರ. ಈ ವಿಷಯದಲ್ಲಿ ನನಗೆ ಸ್ವಲ್ಪ ಹೊಟ್ಟೆಕಿಚ್ಚಿದೆ ಎಂದು ಮೊದಲೇ ಒಪ್ಪಿಕೊಂಡು ಮುಂದೆ ಹೇಳುತ್ತೇನೆ.

ಆಚಾರ್ಯರು ನಮ್ಮ ಚಿನ್ನ ಪರೀಕ್ಷಕರು. ಅಡವಿಗೆ ಬಂದ ಒಡವೆಯನ್ನು ಒರೆಗಲ್ಲಿನ ಮೇಲೆ ಉಜ್ಜುತ್ತಾರೆ, ಮೂಡಿದ ಗೆರೆಯ ಮೇಲೆ ಒಂದು ಹನಿ ಆಸಿಡ್ ಬಿಡುತ್ತಾರೆ. ಗೆರೆ ಉಳಿದರೆ ಚಿನ್ನ, ಅಳಿದರೆ ಅಲ್ಲ. ಆಮೇಲೆ ತೂಕ ಹಾಕಿ, ಪೊಟ್ಟಣ ಕಟ್ಟಿ, ಅರಗಿನ ಮುದ್ರೆ ಒತ್ತಿ ಸಹಿ ಮಾಡುತ್ತಾರೆ. ಪಕ್ಕದಲ್ಲಿ ನನ್ನ ಸಹಿ. ಪೊಟ್ಟಣ ಸೇಫಿಗೆ ಹೋಗುತ್ತದೆ, ಹಣ ಕೈಗೆ ಬರುತ್ತದೆ, ಎಲ್ಲ ಸೇರಿ ಇಪ್ಪತ್ತು ನಿಮಿಷದ ಕೆಲಸ. ಆಚಾರ್ಯರಿಗೆ ಸಂಬಳವಿಲ್ಲ, ಒಂದೊಂದು ಪೊಟ್ಟಣಕ್ಕೆ ಇಷ್ಟು ಎಂದು ಕಮಿಷನ್. ನಾಳೆ ಆ ಚಿನ್ನ ಖೋಟಾ ಎಂದಾದರೆ ಸಾಲದ ಹಣವನ್ನು ಪೂರ್ತಿ ಅವರೇ ತುಂಬಬೇಕು. ಹಾಗೆಂದು ಬರೆದ ಕಾಗದಕ್ಕೆ ಇಪ್ಪತ್ತಾರು ವರ್ಷಗಳ ಹಿಂದೆ ಸಹಿ ಹಾಕಿದ್ದಾರೆ, ಅದನ್ನು ಮತ್ತೊಮ್ಮೆ ಓದುವ ಅಗತ್ಯ ಅವರಿಗೆ ಬಿದ್ದಿರಲಿಲ್ಲ.

ಅವರ ತಂದೆಗೆ ಕಾರ್ಕಳದ ಪೇಟೆಯಲ್ಲಿ ಚಿನ್ನದ ಕೆಲಸದ ಕುಲುಮೆಯಿತ್ತು. ಆಚಾರ್ಯರು ಹದಿನಾಲ್ಕನೆಯ ವಯಸ್ಸಿಗೇ ಅಲ್ಲಿ ಊದುಕೊಳವೆ ಹಿಡಿದವರು. ಮದುವೆಯಾದ ಮೇಲೆ ಕಾಪುವಿಗೆ ಬಂದು ಸ್ವಂತ ಅಂಗಡಿ ಹಾಕಿದರು. ಉಡುಪಿಯಲ್ಲಿ ಗಾಜಿನ ದೊಡ್ಡ ದೊಡ್ಡ ಆಭರಣ ಮಳಿಗೆಗಳು ಬಂದ ಮೇಲೆ ಮಾಡಿಸುವವರು ಕಡಿಮೆಯಾದರು. ಕಡೆಗೆ ಅಂಗಡಿಗೆ ಬರುತ್ತಿದ್ದದ್ದು ಕಿತ್ತುಹೋದ ಕೊಂಡಿ ಬೆಸೆಯುವ ಕೆಲಸ ಮಾತ್ರ. ಆಗ ಸೊಸೈಟಿ ಕರೆದು ಈ ಕುರ್ಚಿ ಕೊಟ್ಟಿತು. ಒಡವೆ ಮಾಡುವುದು ತಪ್ಪಿಹೋಯಿತೆಂದು ಅವರು ಕೊರಗಿದ್ದನ್ನು ನಾನು ಕಂಡಿಲ್ಲ. ತಾನೇ ಮಾಡಿದ ಒಡವೆ ಎಷ್ಟೋ ವರ್ಷದ ಮೇಲೆ ಮೇಜಿಗೆ ಬಂದಾಗ ಕನ್ನಡಕ ಮೇಲೆ ಮಾಡಿ ನೋಡಿ, "ಚೆನ್ನಾಗಿ ಇಟ್ಟುಕೊಂಡಿದ್ದೀರಿ" ಎನ್ನುವರು. ಅಡವಿಡಲು ಬಂದ ಹೆಂಗಸಿಗೆ ಅದು ಎಷ್ಟು ದೊಡ್ಡ ಸಮಾಧಾನ ಎಂದು ನನಗೆ ತಿಳಿಯಲು ಕೆಲವು ವರ್ಷ ಬೇಕಾಯಿತು. ನಾನು ಬಡ್ಡಿಯ ದರ ಹೇಳಿ ಅವರ ಮುಖ ಬಾಡಿಸಿದರೆ, ಆಚಾರ್ಯರು ಒಂದು ಮಾತಿನಲ್ಲಿ ಸರಿ ಮಾಡಿ ಕಳುಹಿಸುತ್ತಿದ್ದರು.

ಊರಿನ ಚಿನ್ನಕ್ಕೆ ಒಂದು ಲೆಕ್ಕಾಚಾರವಿದೆ. ಮೇ ತಿಂಗಳ ಕೊನೆಯಲ್ಲಿ ಒಡವೆಗಳೆಲ್ಲ ನಮ್ಮ ಸೇಫಿಗೆ ಬರುತ್ತವೆ. ಶಾಲೆಯ ಫೀಸು ಒಂದು ಕಾರಣ. ಮಳೆಗಾಲದ ಎರಡು ತಿಂಗಳು ಬೋಟು ಕಡಲಿಗಿಳಿಯುವಂತಿಲ್ಲ ಎಂಬುದು ಇನ್ನೊಂದು. ಮೀನು ಮಾರುವ ಹೆಂಗಸರು ಆ ಮೊದಲೇ ಒಣಮೀನು ದಾಸ್ತಾನು ಮಾಡಬೇಕು, ಅದಕ್ಕೆ ಕೈಯಲ್ಲಿ ಹಣ ಬೇಕು. ಮಳೆ ಕಳೆದು ವ್ಯಾಪಾರ ಕೈಗೆ ಹತ್ತಿದ ಮೇಲೆ, ಮದುವೆಗಳು ಶುರುವಾಗುವ ಮುಂಚೆ ಒಂದೊಂದೇ ಪೊಟ್ಟಣ ಬಿಡಿಸಿಕೊಂಡು ಹೋಗುತ್ತಾರೆ. ಅವರ ಒಡವೆ ವರ್ಷದಲ್ಲಿ ಅರ್ಧ ಕಾಲ ನಮ್ಮಲ್ಲಿ ಇರುತ್ತದೆ. ಯಾರೂ ಇದನ್ನು ನಾಚಿಕೆಯ ವಿಷಯ ಎನ್ನುವುದಿಲ್ಲ. ಆದರೆ ಯಾರೂ ಬಾಯಿಬಿಟ್ಟು ಹೇಳುವುದೂ ಇಲ್ಲ.

ಪೊಲಿಪುವಿನ ಕುಶಲಕ್ಕ ಅಂಥವರಲ್ಲಿ ಒಬ್ಬರು. ಕಾಪು ಮೀನು ಮಾರುಕಟ್ಟೆಯಲ್ಲಿ ಬಾಗಿಲ ಪಕ್ಕದ ಮೊದಲ ಜಾಗ ಅವರದು. ಗಂಡ ಮಲ್ಪೆಯಲ್ಲಿ ಬೋಟಿಗೆ ಹೋಗುತ್ತಾರೆ, ಮಗಳು ದೀಕ್ಷಿತಾ ಮಣಿಪಾಲದಲ್ಲಿ ನರ್ಸಿಂಗ್ ಓದುತ್ತಿದ್ದಾಳೆ. ಕುಶಲಕ್ಕನ ಐದು ಪವನಿನ, ಎಂದರೆ ನಲವತ್ತು ಗ್ರಾಂನ ಸರವನ್ನು ಅವರ ಮದುವೆಗೆ ಮಾಡಿಕೊಟ್ಟವರು ಇದೇ ಆಚಾರ್ಯರು, ಅದೂ ಕಾಪುವಿನ ಅಂಗಡಿಯಲ್ಲಿ ಕೂತು ಹದಿನೆಂಟು ದಿನ. ಎಂಟು ವರ್ಷದಿಂದ ಪ್ರತಿ ಮೇ ತಿಂಗಳಿಗೆ ಅದು ನಮ್ಮಲ್ಲಿಗೆ ಬರುತ್ತದೆ, ನವೆಂಬರ್‌ಗೆ ಹೋಗುತ್ತದೆ. ಕುಶಲಕ್ಕ ಒಂದು ಕಂತೂ ತಪ್ಪಿಸಿದವರಲ್ಲ.

ಕಳೆದ ವರ್ಷ ಮೇ ಮೂವತ್ತರಂದು ಶಾಖೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಬೆಳಗ್ಗೆ ಗಾಳಿಮಳೆಗೆ ಕರೆಂಟು ಹೋಗಿತ್ತು, ಯುಪಿಎಸ್ ಕಂಪ್ಯೂಟರಿಗೇ ಸಾಲದೆ ಕುಂಯ್‌ಗುಡುತ್ತಿತ್ತು, ತೂಕದ ಯಂತ್ರ ಕಣ್ಣು ಮುಚ್ಚಿ ಕೂತಿತ್ತು. ಒಣಮೀನಿನ ಲಾರಿ ಹನ್ನೊಂದಕ್ಕೆ ಹೊರಡುತ್ತದೆ, ಅಷ್ಟರಲ್ಲಿ ಹಣ ಕಟ್ಟದಿದ್ದರೆ ಮಾಲು ಬೇರೆಯವರ ಪಾಲು ಎಂದು ಕುಶಲಕ್ಕ ಹೇಳಿದರು. ಸರವನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಜತೆಗೆ ಹಿಂದಿನ ವರ್ಷದ ಚೀಟಿಯನ್ನೂ ತಂದಿದ್ದರು. ಆಚಾರ್ಯರು ಕರೆಂಟು ಬರಲಿ ಎಂದು ಕಾಯುತ್ತಿದ್ದರು. ಆಗ ಬಾಯಿ ಹಾಕಿದವಳು ನಾನು. ಎಷ್ಟೋ ಸಲ ನೋಡಿದ ಸರ, ನೀವೇ ಮಾಡಿದ್ದು, ಇದಕ್ಕೂ ಕಾಯುವುದೇ ಎಂದೆ. ಅವರು ಚೀಲದ ಹೊರಗಿನಿಂದಲೇ ಸರ ನೋಡಿದರು, ಕೊಂಡಿಯ ಹತ್ತಿರ ತಾನು ಯಾವಾಗಲೂ ಬಿಡಿಸುವ ಸಣ್ಣ ಎಲೆ ಕಂಡಿತು, ನಕ್ಕರು. ಹಳೆಯ ಚೀಟಿಯ ತೂಕವನ್ನೇ ಹೊಸ ಕಾಗದಕ್ಕೆ ಬರೆದು, ಚೀಲ ಸಮೇತ ಪೊಟ್ಟಣಕ್ಕೆ ಹಾಕಿ ಮುದ್ರೆ ಒತ್ತಿದರು. ನಾನು ಸಹಿ ಮಾಡಿದೆ. ಕುಶಲಕ್ಕ ಒಂದೂವರೆ ಲಕ್ಷ ತೆಗೆದುಕೊಂಡು ಲಾರಿಯ ಹಿಂದೆ ಓಡಿದರು.

ಸೆಪ್ಟೆಂಬರಿನಲ್ಲಿ ಉಡುಪಿಯ ಮುಖ್ಯ ಕಚೇರಿಯಿಂದ ಜಿತೇಂದ್ರ ಎಂಬವರು ಬಂದರು. ಒಳ್ಳೆಯ ಮನುಷ್ಯ, ಮೆಲ್ಲಗೆ ಮಾತು. ಎಲ್ಲ ಶಾಖೆಗಳ ಪೊಟ್ಟಣ ಬಿಚ್ಚಿ ಮರುಪರೀಕ್ಷೆ ಮಾಡುವುದು ಅವರ ಕೆಲಸ. ಬಗಲಲ್ಲೊಂದು ಯಂತ್ರ, ಒಡವೆ ಇಟ್ಟು ಗುಂಡಿ ಒತ್ತಿದರೆ ಪರದೆಯ ಮೇಲೆ ಶೇಕಡಾ ಎಷ್ಟು ಚಿನ್ನ ಎಂದು ಬರುತ್ತದೆ. ಆಚಾರ್ಯರು ಆ ಯಂತ್ರವನ್ನು ಮೆಚ್ಚಿ, ಅದರ ಬೆಲೆ ಕೇಳಿ, ಅಷ್ಟಕ್ಕೆ ಒರೆಗಲ್ಲು ಎಷ್ಟು ಬರುತ್ತದೆ ಎಂದು ಲೆಕ್ಕ ಹಾಕಿ ನಗಾಡಿದ್ದರು. ಶುಕ್ರವಾರ ಸಂಜೆ ನಾಲ್ಕಕ್ಕೆ ಕುಶಲಕ್ಕನ ಪೊಟ್ಟಣ ಬಿಚ್ಚಿದರು. ಜಿತೇಂದ್ರ ಸರವನ್ನು ಕೈಗೆತ್ತಿಕೊಂಡವರು ಗುಂಡಿ ಒತ್ತುವ ಮೊದಲೇ ನನ್ನ ಮುಖ ನೋಡಿದರು. ಸರ ಹಗುರವಿತ್ತು. ಹಿತ್ತಾಳೆಯ ಮೇಲೆ ಚಿನ್ನದ ನೀರು.

ಆಚಾರ್ಯರು ಅದನ್ನು ಕೈಗೆ ತೆಗೆದುಕೊಂಡು ಕೊಂಡಿಯ ಹತ್ತಿರದ ಎಲೆಯನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿದರು. ಆಮೇಲೆ ಒರೆಗಲ್ಲಿಗೆ ಉಜ್ಜಿದರು, ಆಸಿಡ್ ಬಿಟ್ಟರು. ಗೆರೆ ಕಣ್ಣೆದುರೇ ಹಸಿರಾಗಿ ಹೋಯಿತು.

ಜಿತೇಂದ್ರ ಮುಖ್ಯ ಕಚೇರಿಗೆ ಫೋನು ಮಾಡಿದರು. ಉತ್ತರ ಕೂಡಲೇ ಬಂತು. ಸೋಮವಾರ ಹತ್ತು ಗಂಟೆಗೆ ಪರೀಕ್ಷಕರು ಹಣ ತುಂಬಬೇಕು, ಇಲ್ಲವೇ ಸೊಸೈಟಿ ಸಾಲಗಾರ್ತಿಯ ಮೇಲೆ ಪೊಲೀಸ್ ದೂರು ಕೊಡುತ್ತದೆ. ಎರಡರಲ್ಲಿ ಯಾವುದೇ ಆದರೂ, ಪರೀಕ್ಷಕರ ಕುರ್ಚಿಯ ಬಗ್ಗೆ ಆಡಳಿತ ಮಂಡಳಿ ಯೋಚಿಸುತ್ತದೆ. ಇಪ್ಪತ್ತಾರು ವರ್ಷದ ಹೆಸರು ಒಂದು ಫೋನಿನಲ್ಲಿ ಅಲ್ಲಾಡಿತು. ಅದಕ್ಕೆ ಕಾರಣವಾದ ಮಾತು ನನ್ನದು ಎಂಬುದು ಅಲ್ಲಿ ನಮ್ಮಿಬ್ಬರಿಗೆ ಮಾತ್ರ ಗೊತ್ತಿತ್ತು, ಆಚಾರ್ಯರು ಅದನ್ನು ಹೇಳಲಿಲ್ಲ. ಹೇಳಿದ್ದರೆ ನನ್ನ ಮನಸ್ಸಾದರೂ ಹಗುರವಾಗುತ್ತಿತ್ತು.

ಜಿತೇಂದ್ರ ಹೋದ ಮೇಲೆ ನಾನು, ಈಗಲೇ ಪೊಲಿಪುವಿಗೆ ಹೋಗಿ ಕುಶಲಕ್ಕನನ್ನೇ ಕೇಳುವ, ಎಂದೆ. ಆಚಾರ್ಯರು ಬೇಡ ಎಂದರು. ಕ್ರೈಸ್ತ ಹೆಂಗಸರನ್ನು ನಮ್ಮ ಕಡೆ ಬಾಯಮ್ಮ ಎನ್ನುತ್ತಾರೆ, ನನ್ನನ್ನೂ ಅವರು ಹಾಗೆಯೇ ಕರೆಯುವುದು.

"ಕೇಳಿದರೆ ಮುಗಿಯಿತಲ್ಲ ಬಾಯಮ್ಮ. ಆ ಮಾತು ಒಮ್ಮೆ ಬಾಯಿಂದ ಹೋದ ಮೇಲೆ ತಿರುಗಿ ಬರ್ಲಿಕ್ಕುಂಟಾ? ಹಣ ನಾನು ಕಟ್ಟುತ್ತೇನೆ. ಅವಳಿಗೆ ಎಂತ ಕಷ್ಟ ಇತ್ತೋ."

ಬ್ಯಾಂಕಿನಲ್ಲಿ ಅವರದೊಂದು ಸಣ್ಣ ಠೇವಣಿಯಿತ್ತು, ಅದು ಸಾಲದು. ಉಳಿದದ್ದಕ್ಕೆ ಸ್ವರ್ಣಲತಾ ಅವರ ಬಳೆಗಳು. ಹೆಂಡತಿ ತಾನೇ ಬಿಚ್ಚಿ ಕೊಟ್ಟರಂತೆ. ಶನಿವಾರ ಆಚಾರ್ಯರಿಂದ ಫೋನಿನಲ್ಲಿ ಇದನ್ನು ಕೇಳಿ ನನ್ನ ಮೈಯೆಲ್ಲ ಉರಿಯಿತು. ಕುಶಲಕ್ಕನ ಮೇಲೆ ಉರಿಯಿತು, ಆಚಾರ್ಯರ ಸಾಧುತನದ ಮೇಲೂ ಉರಿಯಿತು. ಎಲ್ಲಕ್ಕಿಂತ ಹೆಚ್ಚು ನನ್ನ ನಾಲಗೆಯ ಮೇಲೆ.

ಭಾನುವಾರ ಬೆಳಗ್ಗೆ ಇಗರ್ಜಿಯಲ್ಲಿ ಪೂಜೆ ಮುಗಿಸಿ, ಮನೆಗೆ ಹೋಗದೆ ಸ್ಕೂಟರನ್ನು ಕಾಪು ಮೀನು ಮಾರುಕಟ್ಟೆಗೆ ತಿರುಗಿಸಿದೆ. ಏನು ಹೇಳಬೇಕೆಂದು ದಾರಿಯುದ್ದ ಅಭ್ಯಾಸ ಮಾಡಿಕೊಂಡಿದ್ದೆ. ಕುಶಲಕ್ಕ ಬಂಗುಡೆ ರಾಶಿಯ ಹಿಂದೆ ಕೂತು ಯಾರದೋ ಜತೆ ದರಕ್ಕೆ ಜಗಳವಾಡುತ್ತಿದ್ದರು. ನನ್ನನ್ನು ಕಂಡು ಮುಖ ಅರಳಿತು, ಬಾಯಮ್ಮನಿಗೆ ಬೇರೆ ತೆಗೆದಿಟ್ಟಿದ್ದೇನೆ ಎಂದು ಬುಟ್ಟಿಯ ಅಡಿಯಿಂದ ನಾಲ್ಕು ದೊಡ್ಡ ಬಂಗುಡೆ ತೆಗೆದರು. ಅಭ್ಯಾಸ ಮಾಡಿದ ಮಾತೆಲ್ಲ ಮರೆತುಹೋಯಿತು. ನನ್ನ ಕಣ್ಣು ಅವರ ಕೊರಳ ಮೇಲಿತ್ತು. ಅಲ್ಲಿ ಅದೇ ಸರವಿತ್ತು, ಮೀನಿನ ನೀರು ಸಿಡಿದು, ಎರಡು ಕಡೆ ಪೊರೆ ಅಂಟಿಕೊಂಡು.

ಸರ ಎಲ್ಲಿಯದು ಕುಶಲಕ್ಕ, ಎಂದು ಹೇಗೋ ಕೇಳಿದೆ. ಅವರು ಅತ್ತಿತ್ತ ನೋಡಿ, ದನಿ ತಗ್ಗಿಸಿ ನಕ್ಕರು.

"ಇದು ಡೂಪ್ಲಿಕೇಟ್ ಅಲ್ವಾ. ನಮ್ಮದು ನಿಮ್ಮ ಸೇಫಲ್ಲಿ ಉಂಟಲ್ಲ. ಆಚಾರ್ರಿಗೆ ಹೇಳ್ಬೇಡಿ ಮಾರಾಯ್ರೇ, ಅವರ ಕೆಲಸವನ್ನು ಆ ಎಲೆ ಸಮೇತ ನಕಲು ಮಾಡಿಸಿದ್ದು ಗೊತ್ತಾದರೆ ಬೇಜಾರ ಮಾಡ್ಕೊಳ್ತಾರೆ."

ಇದು ನಮ್ಮ ಕಡೆಯ ಹೆಂಗಸರಿಗೆಲ್ಲ ಗೊತ್ತಿರುವ ಗುಟ್ಟು. ಅಸಲಿ ಒಡವೆ ಅಡವಿನಲ್ಲಿರುವಾಗ ಕೊರಳು ಖಾಲಿ ಬಿಟ್ಟರೆ ನೆಂಟರು ಕೇಳದೆ ಬಿಡುವುದಿಲ್ಲ. ಅದಕ್ಕೆ ಅದೇ ತರದ ಇನ್ನೊಂದನ್ನು ಒಂದು ಗ್ರಾಂ ಚಿನ್ನದ ಅಂಗಡಿಯಲ್ಲಿ ಮಾಡಿಸಿಡುತ್ತಾರೆ. ಅಸಲಿ ಸೇಫಿಗೆ, ನಕಲಿ ಕೊರಳಿಗೆ. ಮನೆ ಕಟ್ಟಿಸುವಾಗ ನಾನೂ ಎರಡು ವರ್ಷ ನಕಲಿ ಬಳೆ ಹಾಕಿಕೊಂಡು ಇಗರ್ಜಿಗೆ ಹೋಗಿದ್ದೇನೆ. ಆಚಾರ್ಯರಿಗೆ ಎಲ್ಲ ಹೇಳುವ ಹೆಂಗಸರು ಇದೊಂದನ್ನು ಮಾತ್ರ ಹೇಳುವುದಿಲ್ಲ. ಆದರೆ ನನಗೆ ಗೊತ್ತಿತ್ತಲ್ಲ. ಇಷ್ಟೆಲ್ಲ ಗೊತ್ತಿದ್ದೂ ಎರಡು ದಿನ ನನ್ನ ತಲೆಗೆ ಯಾಕೆ ಹೊಳೆಯಲಿಲ್ಲ ಎಂದರೆ, ಕುಶಲಕ್ಕ ಮೋಸ ಮಾಡಿದ್ದಾರೆ ಎಂದು ಒಮ್ಮೆ ತಲೆಗೆ ಹೊಕ್ಕ ಮೇಲೆ ಬೇರೆ ಯೋಚನೆಗೆ ಅಲ್ಲಿ ಜಾಗವೇ ಇರಲಿಲ್ಲ. ಈಗಲೂ ಅದನ್ನು ನೆನೆದರೆ ನನಗೆ ನಾಚಿಕೆಯಾಗುತ್ತದೆ.

ಕೈ ಚಾಚಿ ಸರವನ್ನು ಬೆರಳಿನಲ್ಲಿ ಎತ್ತಿದೆ. ಐದು ಪವನಿನ ಭಾರ ನನ್ನ ಬೆರಳಿಗೆ ಗೊತ್ತಾಯಿತು. ಅಲ್ಲೇ, ಮೀನಿನ ಬುಟ್ಟಿಗಳ ನಡುವೆ, ನಡೆದದ್ದನ್ನೆಲ್ಲ ಹೇಳಿದೆ. ಕುಶಲಕ್ಕ ಮಗಳಿಗೆ ಫೋನು ಮಾಡಿದರು. ದೀಕ್ಷಿತಾ ಹಾಸ್ಟೆಲಿನಿಂದಲೇ ವಿಷಯ ಬಿಡಿಸಿ ಹೇಳಿದಳು. ಮೇ ತಿಂಗಳಲ್ಲಿ ಚಿಕ್ಕಮ್ಮನ ಮಗಳ ಮದುವೆಗೆ ಅವಳು ಎರಡೂ ಸರಗಳನ್ನು ಅಂಟುವಾಳದ ನೀರಿನಲ್ಲಿ ತಿಕ್ಕಿ ತೊಳೆದು, ಒಂದೇ ಟವೆಲಿನ ಮೇಲೆ ಪಕ್ಕಪಕ್ಕ ಒಣಗಲು ಇಟ್ಟಿದ್ದಳು. ಎರಡೂ ಥಳಥಳ ಎನ್ನುತ್ತಿದ್ದವು. ಅಮ್ಮ ಅವಸರದಲ್ಲಿ ಒಂದನ್ನು ಚೀಲಕ್ಕೆ ಹಾಕಿದರು, ಇನ್ನೊಂದನ್ನು ಕೊರಳಿಗೆ ಹಾಕಿಕೊಂಡರು.

ಕುಶಲಕ್ಕ ಮೊದಲು ನಕ್ಕರು. ಆಮೇಲೆ ಕೊರಳು ಮುಟ್ಟಿಕೊಂಡರು. ಈ ನಾಲ್ಕು ತಿಂಗಳಲ್ಲಿ ಬೆಳಗ್ಗಿನ ಬಸ್ಸಿನ ನೂಕುನುಗ್ಗಲಿನಲ್ಲಿ ಮಲ್ಪೆಗೆ ಹೋಗಿ ಬಂದದ್ದು, ಹೇಗೂ ಹಿತ್ತಾಳೆ ಎಂದು ಸರವನ್ನು ಬಚ್ಚಲ ಗೂಟಕ್ಕೆ ನೇತುಹಾಕಿ ಮರೆತದ್ದು, ಒಮ್ಮೆ ಪಕ್ಕದ ಮನೆಯವಳಿಗೆ ಸೀಮಂತಕ್ಕೆ ಹಾಕಿಕೊಳ್ಳಲು ಕೊಟ್ಟು ವಾರವಾದರೂ ಕೇಳದೆ ಬಿಟ್ಟದ್ದು, ಒಂದೊಂದಾಗಿ ನೆನಪಾಗಿ ಮಂಜುಗಡ್ಡೆಯ ಪೆಟ್ಟಿಗೆಯ ಮೇಲೆ ಕೂತುಬಿಟ್ಟರು. ಪಕ್ಕದವರಿಗೆ ವ್ಯಾಪಾರ ಒಪ್ಪಿಸಿ ನನ್ನ ಸ್ಕೂಟರಿನ ಹಿಂದೆ ಹತ್ತಿದರು. ಆಚಾರ್ಯರ ಮನೆಯವರೆಗೂ ಒಂದು ಕೈಯಲ್ಲಿ ಸರವನ್ನು ಮುಷ್ಟಿ ಹಿಡಿದೇ ಇದ್ದರು.

ಆಚಾರ್ಯರು ಜಗಲಿಯಲ್ಲಿ ಕೂತಿದ್ದರು. ಮೇಜಿನ ಮೇಲೆ ಠೇವಣಿಯ ಕಾಗದ, ಅದರ ಮೇಲೆ ಬಳೆಗಳು. ಕುಶಲಕ್ಕನನ್ನು ಕಂಡು ಬಳೆಗಳ ಮೇಲೆ ಟವೆಲು ಹಾಕಲು ಹೋದರು, ತಡವಾಗಿತ್ತು. ನಾನು ಒಂದೇ ಉಸಿರಿಗೆ ವಿಷಯ ಹೇಳಿ ಮುಗಿಸಿದೆ. ಅವರು ಒಳಗೆ ಹೋಗಿ ಒರೆಗಲ್ಲು ತಂದರು. ಉಜ್ಜಿ, ಆಸಿಡ್ ಬಿಟ್ಟರು. ಹಳದಿ ಗೆರೆ ಹಾಗೆಯೇ ನಿಂತಿತು. ಸ್ವರ್ಣಲತಾ ಬಾಗಿಲಲ್ಲಿ ನಿಂತು ಸೆರಗಿನಿಂದ ಕಣ್ಣೊರೆಸಿಕೊಂಡರು. ಇನ್ನೇನು, ಎಲ್ಲ ಸರಿಯಾಯಿತು, ಕಾಫಿ ಕುಡಿದು ಹೊರಡುವುದು ಎಂದುಕೊಂಡೆ.

ಕುಶಲಕ್ಕ ಕೂರಲಿಲ್ಲ. ಬಳೆಗಳನ್ನು ನೋಡುತ್ತಿದ್ದರು.

"ಆಚಾರ್ರೇ, ನಿಮಗೆ ಶುಕ್ರವಾರವೇ ಗೊತ್ತಿತ್ತು. ನನ್ನನ್ನು ಯಾಕೆ ಕೇಳ್ಲಿಲ್ಲ?"

"ಕೇಳಿದರೆ ನಿನಗೆ ಬೇಜಾರಾದೀತು ಅಂತ."

"ಅದಲ್ಲ. ಕುಶಲಾ ಹಾಗೆ ಮಾಡುವವಳಲ್ಲ ಅಂತ ನಿಮಗೆ ಅನ್ನಿಸಿದ್ದರೆ ಆಗಲೇ ಓಡಿ ಬಂದು ಕೇಳ್ತಿದ್ದಿರಿ. ಇವಳೇ ಮಾಡಿದ್ದು ಅಂತ ನಂಬಿದಿರಿ. ನಂಬಿ, ಪಾಪ, ಕಷ್ಟ ಇರಬೇಕು ಅಂತ ಬಿಟ್ಟಿರಿ."

ಆಚಾರ್ಯರು ಅಲ್ಲ ಎನ್ನುತ್ತಾರೆ ಎಂದು ಕಾದೆ. ಅಲ್ಲ ಎಂದಿದ್ದರೆ ಆ ಹೊತ್ತಿಗೆ ನಡೆದುಹೋಗುತ್ತಿತ್ತು, ನಾನಾಗಿದ್ದರೆ ಖಂಡಿತ ಹಾಗೇ ಹೇಳುತ್ತಿದ್ದೆ. ಆಚಾರ್ಯರು ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡರು.

"ಹೌದು," ಎಂದರು. "ನಂಬಿದೆ."

ನಾನೂ ನಂಬಿದ್ದೆ ಕುಶಲಕ್ಕ, ಎಂದೆ. ನೀವು ಮ್ಯಾನೇಜರು, ನಿಮ್ಮ ಕೆಲಸವೇ ಅದು ಎಂದು ಕುಶಲಕ್ಕ ನನ್ನ ಕಡೆ ತಿರುಗದೆಯೇ ಹೇಳಿದರು. ಅದು ನನಗೆ ನೋಯಿತು, ಆದರೆ ಆ ಹೊತ್ತು ನನ್ನದಾಗಿರಲಿಲ್ಲ. ಅವರು ಆಚಾರ್ಯರ ಎದುರಿಗೆ ಹೋಗಿ ನಿಂತರು.

"ಉಜ್ಜಿದರೆ ನನ್ನ ಮರ್ಯಾದೆ ಹೋಗುವುದಿಲ್ಲ ಆಚಾರ್ರೇ. ಉಜ್ಜದೆ ಮನಸ್ಸಲ್ಲಿ ಇಟ್ಟುಕೊಂಡರೆ ಹೋಗುವುದು."

ಆಮೇಲೆ ಕೂತರು. ಸ್ವರ್ಣಲತಾ ಕಾಫಿ ತಂದರು. ಕುಶಲಕ್ಕ ಲೋಟ ಮುಟ್ಟದೆ ಹೋಗುತ್ತಾರೋ ಎಂದು ನಾನು ಅವರ ಕೈಯನ್ನೇ ನೋಡುತ್ತಿದ್ದೆ. ಅವರು ಪೂರ್ತಿ ಕುಡಿದರು. ಕುಡಿದು, ಸ್ವರ್ಣಲತಾ ಅವರ ಕೈ ಹಿಡಿದು ಬಳೆಗಳನ್ನು ಒಂದೊಂದಾಗಿ ತಾನೇ ತೊಡಿಸಿದರು. ಬಳೆ ಸ್ವಲ್ಪ ಬಿಗಿ, ತೊಡಿಸಲು ಸೋಪು ಬೇಕಾಯಿತು. ಆಗ ಮೂವರೂ ಹೆಂಗಸರು ನಕ್ಕೆವು, ಆಚಾರ್ಯರು ಮಾತ್ರ ನಗಲಿಲ್ಲ.

ಸೋಮವಾರ ಹತ್ತು ಗಂಟೆಗೆ ಅಸಲಿ ಸರ ಸೇಫಿಗೆ ಬಂತು. ಜಿತೇಂದ್ರರ ಯಂತ್ರ ಅದನ್ನು ಒಪ್ಪಿತು. ಇಷ್ಟಕ್ಕೆ ಸುಮ್ಮನಿರಬಹುದಿತ್ತು. ಆಚಾರ್ಯರು ಸುಮ್ಮನಿರದೆ, ಒಡವೆಯನ್ನು ಉಜ್ಜದೆ, ತೂಗದೆ ಮುದ್ರೆ ಒತ್ತಿದ ತಪ್ಪು ತನ್ನದು ಎಂದು ಮಂಡಳಿಗೆ ಪತ್ರ ಬರೆದರು. ಅದರ ಕೆಳಗೆ, ಅವಸರ ಮಾಡಿದ್ದು ನಾನು ಎಂದು ನಾನೂ ಬರೆದು ಸಹಿ ಹಾಕಿದೆ. ಅವರ ಮೂರು ತಿಂಗಳ ಕಮಿಷನ್ ಹೋಯಿತು, ನನ್ನ ಕಡತಕ್ಕೊಂದು ಮೆಮೊ ಸೇರಿತು. ಕುರ್ಚಿ ಉಳಿಯಿತು. ಕುಶಲಕ್ಕ ನವೆಂಬರಿನಲ್ಲಿ ಎಂದಿನ ಹಾಗೆ ಬಂದು ಸಾಲ ತೀರಿಸಿ ಸರ ಬಿಡಿಸಿಕೊಂಡರು. ಆ ದಿನ ಆಚಾರ್ಯರ ಜತೆ ಮೀನಿನ ದರ, ಮಗಳ ಪರೀಕ್ಷೆ ಎಲ್ಲ ಮಾತಾಡಿದರು. ಆದರೂ ಆಚಾರ್ಯರು ಅವರ ಮುಖ ನೋಡಿ ಮಾತಾಡುತ್ತಿರಲಿಲ್ಲ, ನಾನು ಗಮನಿಸಿದೆ.

ಈ ವರ್ಷ ಮೇ ಇಪ್ಪತ್ತೆಂಟರಂದು ಕುಶಲಕ್ಕ ಮತ್ತೆ ಬಂದರು. ಇವರು ಬೇರೆ ಸೊಸೈಟಿಗೆ ಹೋಗುತ್ತಾರೇನೋ ಎಂದು ನಾನು ಒಳಗೊಳಗೇ ಹೆದರಿದ್ದೆ. ಸಾಲಿನಲ್ಲಿ ಹದಿನೈದು ಜನ, ಎಲ್ಲರೂ ಅವಸರದವರು. ಅವರು ಸರವನ್ನು ಚೀಲದಿಂದ ತೆಗೆದು ಮೇಜಿನ ಮೇಲೆ ಇಟ್ಟರು. ಆಚಾರ್ಯರು ಅದನ್ನು ಅಂಗೈಯಲ್ಲಿಟ್ಟುಕೊಂಡು ತಲೆಯೆತ್ತಿ ಅವರನ್ನೇ ನೋಡಿದರು.

"ಉಜ್ಜುತ್ತೇನೆ ಕುಶಲಾ," ಎಂದರು.

"ಉಜ್ಜಿ."

ಸರವನ್ನು ಕಲ್ಲಿನ ಮೇಲೆ ಎಳೆದರು, ಆಸಿಡ್ ಬಿಟ್ಟರು. ಕಲ್ಲನ್ನು ಅವರ ಕಡೆ ತಿರುಗಿಸಿ ತೋರಿಸಿದರು. ಎಂದೂ ಯಾರಿಗೂ ತೋರಿಸಿದವರಲ್ಲ. ಕುಶಲಕ್ಕ ಬಗ್ಗಿ ನೋಡಿ, ಸರಿ ಉಂಟು ಎಂದರು. ಹಿಂದೆ ನಿಂತವರೊಬ್ಬರು ಬೇಗ ಆಗಲಿ ಎಂದು ಗೊಣಗಿದರು. ನಾನು ನನ್ನ ಕುರ್ಚಿಯಲ್ಲಿ ಬಾಯಿ ಮುಚ್ಚಿ ಕೂತಿದ್ದೆ. ಆಚಾರ್ಯರು ಇನ್ನೊಂದು ತುದಿಯನ್ನೂ ಉಜ್ಜಿದರು, ಕೊಂಡಿಯನ್ನೂ ಉಜ್ಜಿದರು. ಒಂದು ಸಲ ಸಾಕಿತ್ತು, ಅದು ಇಬ್ಬರಿಗೂ ಗೊತ್ತಿತ್ತು. ಕುಶಲಕ್ಕ ಅವಸರ ಮಾಡಲಿಲ್ಲ, ಮೂರು ಸಲವೂ ನಿಂತು ನೋಡಿದರು.